ಅಜ್ಜನ ಲಾರಿಗೆ ಹೊಸ ಸೀಟು ಬೇಕೆ?

2025ರ ಅಕ್ಟೋಬರ್ 1ರಿಂದ ನಮ್ಮ ದೇಶದಲ್ಲಿ ತಯಾರಾಗುವ, ಮೂರೂವರೆ ಟನ್ನಿಗಿಂತ ಹೆಚ್ಚು ತೂಕದ ಎಲ್ಲ ಲಾರಿಗಳ ಕ್ಯಾಬಿನ್ನಿಗೂ ಎ.ಸಿ. ಇರಲೇಬೇಕು. ಕೇಂದ್ರ ಸರ್ಕಾರ 2023ರ ಡಿಸೆಂಬರಿನಲ್ಲೇ ಈ ಆದೇಶ ಹೊರಡಿಸಿತ್ತು. ರಾಯಚೂರಿನ ಬೇಸಿಗೆಯಲ್ಲಿ, ಮಗ್ಗುಲಲ್ಲೇ ಕುದಿಯುವ ಎಂಜಿನ್ನಿನ ಕಾವಿಗೆ ಬೆಂದು ಲಾರಿ ಓಡಿಸಿದ ಹಿರಿಯರು ಈ ಸುದ್ದಿ ಓದಿ, "ನಮ್ಮ ಕಾಲಕ್ಕೆ ಯಾಕಪ್ಪಾ ಬರಲಿಲ್ಲ" ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ.

ಹೊಸ ಲಾರಿಯ ಮಾತು ಹಾಗಿರಲಿ. ನಾನು ಬರೆಯಹೊರಟಿರುವುದು ಹಳೆಯ ಲಾರಿಗಳ ಬಗ್ಗೆ, ಅದರಲ್ಲೂ ಅವುಗಳ ಒಳಮನೆಯ ಬಗ್ಗೆ. ಐವತ್ತು ವರ್ಷ ಹಿಂದಿನ ಲಾರಿಗಳಲ್ಲಿ ಹೆಚ್ಚಿನವು ಯಾವಾಗಲೋ ಗುಜರಿ ಸೇರಿದವು. ಆದರೂ ಅಕ್ಕಿ ಗಿರಣಿಯ ಹಿಂದೆ, ತೋಟದ ಮನೆಯ ಚಪ್ಪರದಡಿ, ಕಾಫಿ ಎಸ್ಟೇಟಿನ ಶೆಡ್ಡಿನಲ್ಲಿ ಕೆಲವು ಉಳಿದಿವೆ. ಈಚೆಗೆ ಮನೆಯ ಮಕ್ಕಳು ಅವುಗಳ ಧೂಳು ಕೊಡವಿ ಹೊರಗೆ ತರುತ್ತಿದ್ದಾರೆ. ಎಂಜಿನ್ ರಿಪೇರಿಯ ವಿಷಯದಲ್ಲಿ ಮನೆಯಲ್ಲಿ ಜಗಳವಿಲ್ಲ, ಅದು ಓಡಬೇಕು ಅಷ್ಟೆ. ಬಣ್ಣದ ವಿಷಯದಲ್ಲಿ ಸಣ್ಣ ಚರ್ಚೆ ಆಗುತ್ತದೆ. ಕ್ಯಾಬಿನ್ನಿನ ಬಾಗಿಲು ತೆರೆದು ಒಳಗೆ ಇಣುಕಿದಾಗ ನಿಜವಾದ ಜಗಳ ಶುರು. ಹರಿದ ಸೀಟು, ಬಿರುಕು ಬಿಟ್ಟ ಸ್ಟೇರಿಂಗ್, ಮುಳ್ಳು ಅಲುಗಾಡದ ಮೀಟರು. ಇವನ್ನೆಲ್ಲ ಇದ್ದ ಹಾಗೇ ಉಳಿಸಬೇಕೋ, ಕಿತ್ತು ಎಸೆದು ನಮಗೆ ಬೇಕಾದ ಹಾಗೆ ಮಾಡಿಸಿಕೊಳ್ಳಬೇಕೋ?

ಅಮೆರಿಕದಲ್ಲಿ ಹಳೆಯ ಫೋರ್ಡ್, ಶೆವರ್ಲೆ ಪಿಕಪ್ ಇಟ್ಟುಕೊಂಡವರ ನಡುವೆ ಇದು ಮುಗಿಯದ ವಾದ. ಅಲ್ಲಿ 'ಮೂಲ' ಎಂದರೇನು ಎಂಬುದು ಸುಲಭ. ಸೀಟು, ಬಾಗಿಲು, ಚಾವಣಿ ಎಲ್ಲ ಕಾರ್ಖಾನೆಯಿಂದಲೇ ಬಂದಿರುತ್ತವೆ. ನಮ್ಮ ಲಾರಿಯ ಕಥೆಯೇ ಬೇರೆ.

ಮನೆಯಿಲ್ಲದೆ ಬಂದ ಲಾರಿ

ಮಕ್ಕಳೇ, ಹೆದ್ದಾರಿಯಲ್ಲಿ ಒಮ್ಮೊಮ್ಮೆ ಮೈಯಿಲ್ಲದ ಲಾರಿ ಓಡುವುದನ್ನು ನೋಡಿದ್ದೀರಾ? ಮುಂದೆ ಎಂಜಿನ್, ಹಿಂದೆ ಉದ್ದನೆಯ ಎರಡು ಕಬ್ಬಿಣದ ತೊಲೆ, ಅಡಿಯಲ್ಲಿ ಚಕ್ರ, ಅಷ್ಟೆ. ಅದನ್ನು ಚಾಸಿ ಅನ್ನುತ್ತಾರೆ. ನಿಮ್ಮ ಅಜ್ಜನ ಕಾಲದಲ್ಲಿ ನಮ್ಮ ದೇಶದ ಲಾರಿಗಳು ಬಹುಪಾಲು ಹೀಗೇ ಮಾರಾಟವಾಗುತ್ತಿದ್ದವು. ಟಾಟಾ ಲಾರಿಯ ಚಾಸಿ ಜಮ್ಶೆಡ್‌ಪುರದಿಂದ ಹೊರಟು, ಸಾವಿರಾರು ಕಿಲೋಮೀಟರ್ ಓಡಿ ನಮ್ಮ ಊರಿಗೆ ಬರುತ್ತಿತ್ತು. ತಲೆಗೆ ಟವೆಲ್ ಸುತ್ತಿಕೊಂಡ ಡ್ರೈವರ್, ಬಾಗಿಲಿಲ್ಲ, ಗಾಜಿಲ್ಲ, ಚಾವಣಿಯಿಲ್ಲ, ಒಂದು ಸಾಧಾರಣ ಆಸನದ ಮೇಲೆ ಕುಳಿತು ಬಿಸಿಲು, ಮಳೆ, ನೊಣ, ಧೂಳು ಎಲ್ಲವನ್ನೂ ಮುಖಕ್ಕೆ ತೆಗೆದುಕೊಂಡು ಬರುತ್ತಿದ್ದ. ಕಾರ್ಖಾನೆ ಕೊಡುತ್ತಿದ್ದುದು ಎಂಜಿನ್ನಿನ ಹಿಂದಿನ ತಗಡಿನ ಗೋಡೆ, ಅದಕ್ಕೆ ಅಂಟಿದ ಮೀಟರುಗಳು, ಸ್ಟೇರಿಂಗು, ಪೆಡಲು ಮತ್ತು ಗೇರಿನ ಕಡ್ಡಿ. ಇನ್ನುಳಿದ 'ಮನೆ'ಯನ್ನು ಬಡಗಿಗಳು ಕಟ್ಟುತ್ತಿದ್ದರು. ತಮಿಳುನಾಡಿನ ನಾಮಕ್ಕಲ್, ತಿರುಚೆಂಗೋಡು ಕಡೆಯ ಬಾಡಿ ಕಟ್ಟುವವರು ಈಗಲೂ ಹೆಸರುವಾಸಿ. ನಮ್ಮಲ್ಲಿ ಹೆದ್ದಾರಿಯ ಪಕ್ಕದ ಎಷ್ಟೋ ಪಟ್ಟಣಗಳಲ್ಲಿ ಇಂಥ ಕೆಲಸದ ಶೆಡ್ಡುಗಳಿದ್ದವು.

ಇದು ನನಗೆ ಹೇಗೆ ಗೊತ್ತು ಎಂದರೆ, ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೆ. 1969ರ ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಆ ಮೇಲೆ ಒಂದು ಲಾರಿ, ಎರಡು ಲಾರಿ ಇಟ್ಟುಕೊಂಡು ಬದುಕುವ ಸಣ್ಣ ಸಾಗಣೆದಾರರಿಗೂ ಸಾಲ ಕೊಡಬೇಕೆಂಬ ಧೋರಣೆ ಬಂತು. ನಾನು ಕೆಲಸಕ್ಕೆ ಸೇರಿದ್ದು ಆ ನಂತರದ ವರ್ಷಗಳಲ್ಲಿ. ಲಾರಿ ಸಾಲದ ಫೈಲು ಎರಡು ಭಾಗದ್ದು. ಮೊದಲು ಚಾಸಿಗೆ ಹಣ, ಆಮೇಲೆ ಬಾಡಿ ಕಟ್ಟುವವನ ಕೊಟೇಶನ್ ಬಂದ ಮೇಲೆ ಬಾಡಿಗೆ ಹಣ. ಆ ಕೊಟೇಶನ್ನಿನಲ್ಲಿ ಎಲ್ಲ ಬರೆದಿರುತ್ತಿತ್ತು: ಯಾವ ಮರ, ಎಷ್ಟು ಗೇಜಿನ ತಗಡು, ಡ್ರೈವರ್ ಸೀಟಿಗೆ ರೆಕ್ಸಿನ್ ಕುಷನ್, ಕ್ಲೀನರ್ ಮಲಗಲು ಹಿಂದೆ ಹಲಗೆ, ಅದರ ಕೆಳಗೆ ಟೂಲ್ಸ್ ಪೆಟ್ಟಿಗೆ, ಗಾಜಿನ ಮೇಲುಗಡೆ ಕಾಗದ ಪತ್ರ ಇಡುವ ಗೂಡು. ದೇವರ ಪಟಕ್ಕೆ ಮಾಡಿದ ಗೂಡಿಗೆ ಮಾತ್ರ ಯಾವ ಬಡಗಿಯೂ ದರ ಹಾಕಿದ್ದನ್ನು ನಾನು ನೋಡಲಿಲ್ಲ.

ಹಾಗಾಗಿ ನಮ್ಮ ಹಳೆಯ ಲಾರಿಯ 'ಮೂಲ' ಒಳಾಂಗಣ ಅರ್ಧ ಕಾರ್ಖಾನೆಯದು, ಅರ್ಧ ಊರ ಬಡಗಿಯದು. ಒಂದೇ ವರ್ಷದ, ಒಂದೇ ಮಾದರಿಯ ಎರಡು ಲಾರಿಗಳ ಒಳಭಾಗ ಒಂದೇ ತರಹ ಇರುತ್ತಿರಲಿಲ್ಲ. ಕಾರ್ಖಾನೆಯ ಕೈಪುಸ್ತಕ ಹಿಡಿದು "ಇದು ಮೂಲದ್ದಲ್ಲ, ತೆಗೆಯಿರಿ" ಎಂದು ಬಡಗಿಯ ಕೆಲಸವನ್ನು ಕೀಳಿಸುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ತಾತ ಒಂದು ಕಡೆ, ಮೊಮ್ಮಗಳು ಒಂದು ಕಡೆ

ನಮ್ಮ ತಿಪಟೂರು ಸೀಮೆಯಿಂದ ಉತ್ತರ ಭಾರತಕ್ಕೆ ಕೊಬ್ಬರಿ ಹೋಗುವುದು ಎಲ್ಲರಿಗೂ ಗೊತ್ತು. ಅಂಥ ಲೋಡು ಹೊತ್ತು ಓಡಾಡಿದ 1974ರ ಟಾಟಾ ಲಾರಿಯೊಂದು ನನ್ನ ಪರಿಚಯದ ಒಂದು ಮನೆಯಲ್ಲಿದೆ. ಮಾದರಿ 1210. ಈ ಅಂಕಿಯಲ್ಲೇ ಒಂದು ಗುಟ್ಟಿದೆ. ಮೊದಲ ಎರಡು ಅಂಕಿ ಲೋಡು ಸಮೇತ ಲಾರಿಯ ತೂಕ, ಅಂದರೆ 12 ಟನ್. ಕೊನೆಯ ಎರಡನ್ನು ಹತ್ತರಿಂದ ಗುಣಿಸಿದರೆ ಎಂಜಿನ್ನಿನ ಅಶ್ವಶಕ್ತಿ, ಸುಮಾರು 100. ಆಮೇಲೆ ಬಂದ 1612, 407 ಮಾದರಿಗಳ ಹೆಸರನ್ನೂ ಹೀಗೇ ಬಿಡಿಸಬಹುದು. ಮಾಡಿ ನೋಡಿ.

ಆ ಮನೆಯ ಯಜಮಾನರಿಗೆ ಎಂಬತ್ತರ ಹತ್ತಿರ. ಅವರೇ ಮಾಲೀಕರು, ಅವರೇ ಡ್ರೈವರು. ಲಾರಿಯನ್ನು ಮತ್ತೆ ಓಡುವಂತೆ ಮಾಡಿ ಆಯುಧಪೂಜೆಯ ದಿನ ಒಂದು ಸುತ್ತು ಓಡಿಸಬೇಕೆಂಬುದು ಅವರ ಆಸೆ. ಮೊಮ್ಮಗಳು ಒಂಬತ್ತನೇ ತರಗತಿ. ಹಳೆಯದನ್ನು ಉಳಿಸಬೇಕೆಂದು ಹಟ ಹಿಡಿದದ್ದು ತಾತನಿರಬೇಕು, ಹೊಸದು ಬೇಕೆಂದದ್ದು ಮೊಮ್ಮಗಳಿರಬೇಕು ಎಂದು ನೀವು ಊಹಿಸಿದರೆ ಅದು ತಪ್ಪು.

"ತಾತ, ಈ ಸೀಟು ತೆಗೀಬೇಡಿ. ಇದರ ಮೇಲೇ ಅಲ್ವಾ ನೀವು ದಿಲ್ಲಿಗೆ ಹೋಗಿದ್ದು?"

"ಹೂಂ ಕಣಮ್ಮ. ಅದಕ್ಕೇ ತೆಗೀಬೇಕು ಅಂತಿರೋದು. ಆ ಸೀಟಿನ ಮೇಲೆ ಪ್ರೀತಿ ಬರೋದು ಅದರ ಮೇಲೆ ಕೂತು ಓಡಿಸದೇ ಇರೋರಿಗೆ."

ನಡುವೆ ಅವರ ಮಗ. ಅವನ ಲೆಕ್ಕ ಬೇರೆ. ಮದುವೆಯ ಫೋಟೊ ತೆಗೆಯುವವರು ಹಳೆಯ ವಾಹನಗಳನ್ನು ಬಾಡಿಗೆಗೆ ಕೇಳುತ್ತಾರೆ. ಒಳಗೆ ಬಣ್ಣಬಣ್ಣದ ಎಲ್‌ಇಡಿ ಪಟ್ಟಿ, ಹಿಂದಕ್ಕೆ ಬಾಗುವ ಸೀಟು, ಪಾಟು ಕೇಳಲು ದೊಡ್ಡ ಸ್ಪೀಕರು ಹಾಕಿಸಿದರೆ ಖರ್ಚಾದರೂ ಹುಟ್ಟುತ್ತದೆ ಎಂದು ಅವನು ಹೇಳಿದ. ಮೂವರದೂ ನ್ಯಾಯವೇ. ಬ್ಯಾಂಕಿನವರು ಲೆಕ್ಕ ಚೆನ್ನಾಗಿ ಹೇಳುತ್ತಾರೆಂದು ಪಂಚಾಯ್ತಿಗೆ ನನ್ನನ್ನು ಕರೆದರು.

ನಾನು ಹೇಳಿದ್ದು ನನ್ನ ಸ್ವಂತ ಬುದ್ಧಿಯಲ್ಲ. ಹಳೆಯ ವಾಹನಗಳಿಗೆಂದೇ ಫಿವಾ ಎಂಬ ಅಂತಾರಾಷ್ಟ್ರೀಯ ಒಕ್ಕೂಟವಿದೆ, 1966ರಲ್ಲಿ ಸ್ಥಾಪನೆಯಾದದ್ದು. ಅದು ಟ್ಯೂರಿನ್ ಸನ್ನದು ಎಂಬ ನಿಯಮಾವಳಿಯನ್ನು ಮಾಡಿಕೊಂಡಿದೆ. ಹಳೆಯ ದೇವಸ್ಥಾನ, ಕೋಟೆಗಳನ್ನು ಕಾಪಾಡಲು 1964ರಲ್ಲಿ ವೆನಿಸ್‌ನಲ್ಲಿ ಮಾಡಿದ ಸನ್ನದೇ ಇದಕ್ಕೆ ಮಾದರಿ. ಹಂಪಿಯಲ್ಲಿ ಮುರಿದ ಕಂಬದ ಜಾಗಕ್ಕೆ ಕೆತ್ತನೆಯಿಲ್ಲದ ಸಾದಾ ಕಂಬ ಆಸರೆ ಕೊಟ್ಟಿರುವುದನ್ನು ಶಾಲೆಯ ಪ್ರವಾಸದಲ್ಲಿ ನೋಡಿರುತ್ತೀರಿ. ಹೊಸದು ಹೊಸದೆಂದು ಗೊತ್ತಾಗಲಿ, ಹಳೆಯದರ ವೇಷ ಹಾಕುವುದು ಬೇಡ ಎಂಬುದು ಅದರ ಹಿಂದಿನ ವಿಚಾರ.

ಟ್ಯೂರಿನ್ ಸನ್ನದಿನಲ್ಲಿ ನನಗೆ ತುಂಬ ಹಿಡಿಸಿದ್ದು ಒಂದು ವಿಷಯ. ವಾಹನ ದುಡಿಯುತ್ತಿದ್ದ ಕಾಲದಲ್ಲಿ ಅದಕ್ಕೆ ಆದ ಬದಲಾವಣೆಗಳು ಅದರ ಚರಿತ್ರೆಯ ಭಾಗ. ಅದು ದುಡಿಮೆ ನಿಲ್ಲಿಸಿದ ಮೇಲೆ ನಾವು ಮಾಡುವ ಬದಲಾವಣೆ ಬೇರೆ ಖಾತೆ. ಅದು ಆದಷ್ಟು ಕಡಿಮೆ ಇರಬೇಕು, ಸಾಧ್ಯವಾದರೆ ಮತ್ತೆ ಬಿಚ್ಚಿ ತೆಗೆಯುವಂತಿರಬೇಕು, ಏನು ಮಾಡಿದೆವೆಂದು ಬರೆದಿಡಬೇಕು. ಗುಮಾಸ್ತನಿಗೆ ಇದಕ್ಕಿಂತ ಪ್ರಿಯವಾದ ಮಾತು ಯಾವುದು?

ಈ ಕಣ್ಣಿನಿಂದ ಆ ಕ್ಯಾಬಿನ್ನನ್ನು ನೋಡಿದೆವು. ಬಾಗಿಲ ಒಳಮೈಯಲ್ಲಿ ಒಂದು ಜೋಡಿ ಗಿಣಿ, 1980ರ ಸುಮಾರಿಗೆ ಪೇಂಟರ್ ಒಬ್ಬ ಬರೆದದ್ದು. ಕಾರ್ಖಾನೆಯದಲ್ಲ, ಆದರೆ ಲಾರಿ ದುಡಿಯುತ್ತಿದ್ದಾಗಿನದು. ಇರಲಿ. ಸೀಟಿನ ಪಕ್ಕ ನೀರಿನ ಬಿಂದಿಗೆ ಕೂರಿಸಲು ಮಾಡಿದ ಕಬ್ಬಿಣದ ಬಳೆ, ಇರಲಿ. ಗೂಡಿನ ಒಳಮೈಗೆ ಪೆನ್ಸಿಲಿನಲ್ಲಿ ಬರೆದ ಡೀಸೆಲ್ ಲೆಕ್ಕ, ಅದರ ಮೇಲೆ ಬಣ್ಣ ಬಳಿಯುವ ಮಾತೇ ಬೇಡ. ಆ ಪೆನ್ಸಿಲ್ ಅಕ್ಷರ ಯಾರದೆಂದು ಮೊಮ್ಮಗಳು ಕೇಳಿದಾಗ ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಕ್ಲೀನರ್ ಹುಡುಗಂದು. ಲಾರಿಯಲ್ಲೇ ಲೆಕ್ಕ ಕಲಿತ" ಅಂದರು. ಮುಂಭಾಗಕ್ಕೆ ಮೂರು ಕೊಂಬಿನ ನಕ್ಷತ್ರ ಕೂರಿಸೋಣವೆಂದು ಮಗ ಆಸೆಪಟ್ಟಿದ್ದ. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡಿದ್ದರು. ಅದು 1969ಕ್ಕೆ ಮುಗಿಯಿತು, ನಕ್ಷತ್ರವೂ ಹೋಯಿತು. 1974ರ ಲಾರಿಗೆ ನಕ್ಷತ್ರ ಹಾಕುವುದು ಸುಳ್ಳು ಎಂಟ್ರಿ. ಆ ಆಸೆ ಅಲ್ಲಿಗೇ ನಿಂತಿತು.

ಕೆಲಸ ಮಾಡುವ ಹಳೆಯ ಭಾಗಗಳು

ಉಳಿಸುವುದೆಂದರೆ ನೆನಪಿಗಾಗಿ ಮಾತ್ರ ಅಂದುಕೊಳ್ಳಬಾರದು. ಹಳೆಯ ಕ್ಯಾಬಿನ್ನಿನಲ್ಲಿ ಎಷ್ಟೋ ವಸ್ತುಗಳು ಹಾಗಿರುವುದಕ್ಕೆ ಕಾರಣವಿದೆ, ಬದಲಿಸಿದರೆ ತೊಂದರೆಯೂ ಇದೆ.

ಸ್ಟೇರಿಂಗ್ ಚಕ್ರವನ್ನೇ ನೋಡಿ. ಬಂಡಿಯ ಚಕ್ರದಷ್ಟು ದೊಡ್ಡದು! ಆ ಲಾರಿಗೆ ಪವರ್ ಸ್ಟೇರಿಂಗ್ ಇಲ್ಲ. ಬಾವಿಯ ರಾಟೆಗೆ ಉದ್ದ ಹಿಡಿ ಇದ್ದರೆ ತಿರುಗಿಸುವುದು ಹಗುರ, ಮೋಟು ಹಿಡಿ ಇದ್ದರೆ ಕಷ್ಟ. ಇಲ್ಲಿಯೂ ಅದೇ ಸೂತ್ರ. ಚೆಂದ ಕಾಣುತ್ತದೆಂದು ಕಾರಿನ ಸಣ್ಣ ಸ್ಟೇರಿಂಗ್ ಕೂರಿಸಿದರೆ, ನಿಂತ ಲಾರಿಯ ಚಕ್ರ ತಿರುಗಿಸಲು ಪೈಲ್ವಾನ ಬೇಕಾಗುತ್ತಾನೆ. ತಿರುವಿನಲ್ಲಿ ಅದು ಅಪಾಯವೂ ಹೌದು. ಬಿರುಕು ಬಿಟ್ಟಿದ್ದರೆ ಆ ಬಿರುಕನ್ನು ತುಂಬಿಸಿ ಮೇಲೆ ದಾರ ಸುತ್ತಿಸಿ, ಅಳತೆ ಬದಲಿಸಬೇಡಿ.

ವೇಗ ತೋರಿಸುವ ಮೀಟರ್ ಇನ್ನೂ ಸ್ವಾರಸ್ಯದ್ದು. ಅದಕ್ಕೆ ಬ್ಯಾಟರಿಯೂ ಬೇಡ, ಕಂಪ್ಯೂಟರೂ ಬೇಡ. ಗೇರ್‌ಬಾಕ್ಸಿನಿಂದ ಒಂದು ಬಳುಕುವ ಕೇಬಲ್ ಬರುತ್ತದೆ. ಲಾರಿ ಓಡಿದಂತೆ ಕೇಬಲ್ ತಿರುಗಿ, ಮೀಟರಿನೊಳಗೆ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಮೇಲೆ, ತಗಲದ ಹಾಗೆ, ಅಲ್ಯೂಮಿನಿಯಂನ ಒಂದು ಪುಟ್ಟ ಬಟ್ಟಲು ಕವುಚಿರುತ್ತದೆ. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ, ನಿಮಗೆ ಗೊತ್ತು. ಆದರೆ ಅಯಸ್ಕಾಂತ ಹತ್ತಿರದಲ್ಲಿ ತಿರುಗಿದಾಗ ಬಟ್ಟಲಿನಲ್ಲಿ ಸಣ್ಣ ಸಣ್ಣ ವಿದ್ಯುತ್ ಸುಳಿಗಳು ಹುಟ್ಟಿ, ಅದೂ ಜೊತೆಗೆ ತಿರುಗಲು ನೋಡುತ್ತದೆ. ಒಂದು ಸ್ಪ್ರಿಂಗ್ ಅದನ್ನು ಹಿಂದಕ್ಕೆ ಎಳೆಯುತ್ತದೆ. ಎರಡರ ಜಗ್ಗಾಟದಲ್ಲಿ ಮುಳ್ಳು ಎಲ್ಲಿ ನಿಲ್ಲುತ್ತದೋ ಅದೇ ವೇಗ. ಇಂಥ ಮೀಟರ್ ಕೆಟ್ಟಿದ್ದರೆ ಎಷ್ಟೋ ಸಲ ಕೇಬಲ್ ತುಂಡಾಗಿರುತ್ತದೆ, ಇಲ್ಲವೇ ಗ್ರೀಸು ಒಣಗಿರುತ್ತದೆ. ಗುಜರಿಗೆ ಹಾಕುವ ಮೊದಲು ಅಷ್ಟನ್ನು ನೋಡಿಸಿ. ಅದರ ಕೆಳಗೆ ಕಿಲೋಮೀಟರ್ ಎಣಿಸುವ ಅಂಕಿಗಳಿರುತ್ತವೆ. ಐದೇ ಅಂಕಿ ಇರುವ ಮೀಟರ್ 99,999 ಆದ ಮೇಲೆ ಮತ್ತೆ ಸೊನ್ನೆಗೆ ಬರುತ್ತದೆ. ಎಷ್ಟು ಸಲ ಸೊನ್ನೆಗೆ ಬಂದಿತೆಂದು ಮೀಟರ್ ಹೇಳುವುದಿಲ್ಲ, ಅಜ್ಜನನ್ನೇ ಕೇಳಬೇಕು.

ಇನ್ನು ಎಳೆಯುವ ಗುಂಡಿ. ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸಿ ಇಂಧನ ಉರಿಸುತ್ತಾರೆ, ಬೀಗದ ಕೈ ತಿರುಗಿಸಿದರೆ ಕಿಡಿ ನಿಂತು ಎಂಜಿನ್ ನಿಲ್ಲುತ್ತದೆ. ಡೀಸೆಲ್ ಎಂಜಿನ್ನಿಗೆ ಕಿಡಿಯೇ ಬೇಡ. ಗಾಳಿಯನ್ನು ಬಲವಾಗಿ ಅದುಮಿದಾಗ ಅದು ಕಾಯ್ದು, ಅದಕ್ಕೆ ಚಿಮ್ಮಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಹಾಗಾಗಿ ಆ ಕಾಲದ ಬಹಳಷ್ಟು ಡೀಸೆಲ್ ಲಾರಿಗಳಲ್ಲಿ ಬೀಗದ ಕೈ ತೆಗೆದರೂ ಎಂಜಿನ್ ಗುಡುಗುಡು ಎನ್ನುತ್ತಲೇ ಇರುತ್ತದೆ. ನಿಲ್ಲಿಸಬೇಕಾದರೆ ಒಂದು ಗುಂಡಿ ಎಳೆದು ಡೀಸೆಲ್ಲಿನ ದಾರಿ ಮುಚ್ಚಬೇಕು. ಈ ಮನೆಗೆ ಬಂದ ಎಲೆಕ್ಟ್ರಿಷಿಯನ್, "ಇದನ್ನು ಕಿತ್ತು ಕೀಲಿಯಲ್ಲೇ ನಿಲ್ಲೋ ಹಾಗೆ ಮಾಡಿಕೊಡ್ತೀನಿ" ಎಂದು ಕೇಳಿದ. ಮೊಮ್ಮಗಳು ಬೇಡವೆಂದಳು. ನನಗೂ ಅದೇ ಸರಿ ಅನ್ನಿಸಿತು. ಡೀಸೆಲ್ ಎಂಜಿನ್ ಹೇಗೆ ಉರಿಯುತ್ತದೆ ಎಂಬ ಪಾಠ ಆ ಗುಂಡಿಯಲ್ಲಿದೆ. ಎಡಗಾಲಿನಿಂದ ಒತ್ತಿ ದೀಪ ಡಿಮ್ ಮಾಡುವ, ನೆಲದ ಮೇಲಿನ ಸ್ವಿಚ್ಚನ್ನೂ ಉಳಿಸಿಕೊಂಡರು. ಕೈಯೆರಡೂ ಸ್ಟೇರಿಂಗಿಗೆ ಬೇಕಾದ ಲಾರಿಯಲ್ಲಿ ದೀಪದ ಕೆಲಸ ಕಾಲಿಗೆ ಕೊಟ್ಟಿದ್ದರು.

ಬದಲಿಸಲೇಬೇಕಾದವು

ಹಳೆಯದೆಲ್ಲ ಚಿನ್ನ ಎಂಬ ಮಾತನ್ನು ವೈರಿಂಗಿನ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಐವತ್ತು ವರ್ಷದ ತಂತಿಯ ಮೇಲಿನ ಹೊದಿಕೆ ಪುಡಿಯಾಗಿರುತ್ತದೆ, ಇಲಿ ಕಡಿದಿರುತ್ತದೆ. ಸುತ್ತ ಒಣ ಮರ, ರೆಕ್ಸಿನ್, ನಾರು. ಒಂದು ಕಿಡಿ ಸಾಕು. ವೈರಿಂಗ್ ಪೂರ್ತಿ ಹೊಸದಾಗಲಿ, ಪ್ರತಿ ಸಾಲಿಗೂ ಫ್ಯೂಸ್ ಇರಲಿ. ಹಳೆಯ ಸ್ವಿಚ್ಚುಗಳನ್ನು ಅದೇ ಜಾಗದಲ್ಲಿ ಇಟ್ಟು ಹಿಂದಿನ ತಂತಿಯನ್ನು ಮಾತ್ರ ಬದಲಿಸಬಹುದು, ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಹಾಡಿನ ಪೆಟ್ಟಿಗೆ ಬೇಕೆನ್ನುವವರು ಮೊದಲು ಲಾರಿಯದು 12 ವೋಲ್ಟೋ 24 ವೋಲ್ಟೋ ನೋಡಿಕೊಳ್ಳಿ. 24 ವೋಲ್ಟಿನ ಲಾರಿಯಲ್ಲಿ ಎರಡು ಬ್ಯಾಟರಿ ಒಂದರ ಬಾಲಕ್ಕೆ ಒಂದು ಕಟ್ಟಿರುತ್ತಾರೆ. ಕಾರಿನ ಸ್ಟೀರಿಯೊ 12 ವೋಲ್ಟಿನದು. ಅದನ್ನು ಒಂದೇ ಬ್ಯಾಟರಿಗೆ ಸಿಕ್ಕಿಸಿದರೆ ಒಂದು ಬರಿದಾಗಿ ಇನ್ನೊಂದು ಉಳಿದು, ಕೊನೆಗೆ ಎರಡೂ ಕೆಡುತ್ತವೆ. ಕನ್ವರ್ಟರ್ ಹಾಕಿಸಿ, ಕಾಣದಂತೆ ಸೀಟಿನ ಕೆಳಗಿಡಿ.

ಮುಂದಿನ ಗಾಜೂ ಹಾಗೆಯೇ. ಈಗ ಮುಂಗಾಜಿಗೆ ಬಳಸುವ ಲ್ಯಾಮಿನೇಟೆಡ್ ಗಾಜಿನಲ್ಲಿ ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುತ್ತದೆ, ಒಡೆದರೂ ಚೂರುಗಳು ಮುಖಕ್ಕೆ ಹಾರುವುದಿಲ್ಲ. ನಮ್ಮ ಹಳೆಯ ಲಾರಿಗಳ ಅದೃಷ್ಟವೆಂದರೆ ಬಡಗಿ ಕಟ್ಟಿದ ಕ್ಯಾಬಿನ್ನಿನ ಗಾಜು ಸಾಮಾನ್ಯವಾಗಿ ಚಪ್ಪಟೆ, ಎರಡು ತುಂಡಿನದು. ಅದೇ ಅಳತೆಗೆ ಲ್ಯಾಮಿನೇಟೆಡ್ ಗಾಜು ಕತ್ತರಿಸಿಕೊಡುತ್ತಾರೆ. ನೋಟ ಹಳೆಯದು, ರಕ್ಷಣೆ ಹೊಸದು.

ಸೀಟ್ ಬೆಲ್ಟ್ ಹಾಕಿಸುವುದು ಒಳ್ಳೆಯದೇ. ಆದರೆ ಹಲಗೆಗೆ ಸ್ಕ್ರೂ ಹೊಡೆದ ಬೆಲ್ಟ್ ಜೋರು ಬ್ರೇಕಿಗೆ ಹಲಗೆ ಸಮೇತ ಕಿತ್ತುಬರುತ್ತದೆ. ಅದನ್ನು ಕೆಳಗಿನ ಉಕ್ಕಿನ ಭಾಗಕ್ಕೇ ಬೋಲ್ಟ್ ಮಾಡಬೇಕು, ತಿಳಿದವರ ಕೈಲಿ.

ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ಕೆಲಸ ಮಾಡುವ ಅಜ್ಜಂದಿರಿಗೆ ಒಂದು ಎಚ್ಚರಿಕೆ. ಹಿಂದಿನ ಕಾಲದಲ್ಲಿ ಬ್ರೇಕ್ ಲೈನರಿನಲ್ಲಿ, ಕ್ಲಚ್ ಪ್ಲೇಟಿನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಶಾಖ ತಡೆಯಲು ಎಂಜಿನ್ ಮುಚ್ಚಳದ ಒಳಗಡೆಯೂ ಅದರ ಹಾಳೆ ಹಾಕುತ್ತಿದ್ದುದುಂಟು. ಅದರ ಧೂಳು ಶ್ವಾಸಕೋಶಕ್ಕೆ ಕೆಡುಕು. ಬಾಯಲ್ಲಿ ಊದಿ, ಪೊರಕೆಯಲ್ಲಿ ಗುಡಿಸಿ ಶುಚಿ ಮಾಡಬೇಡಿ. ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಒಣ ಉಜ್ಜುಕಾಗದದ ಕೆಲಸವನ್ನೂ ಮಕ್ಕಳಿಗೆ ಕೊಡಬೇಡಿ. ಅವರಿಗೆ ಫೋಟೊ ತೆಗೆಯುವ, ಚೀಟಿ ಅಂಟಿಸುವ ಕೆಲಸ ಕೊಡಿ. ಅದು ಸಣ್ಣ ಕೆಲಸವಲ್ಲ.

ಇಷ್ಟೆಲ್ಲ ಹೇಳಿದರೂ, ಅಲಂಕಾರ ಮಾಡಿಸಿಕೊಳ್ಳುವವರನ್ನು ನಾನು ಹಳಿಯಲಾರೆ. ಪಾಕಿಸ್ತಾನದಲ್ಲಿ ಹಳೆಯ ಬ್ರಿಟಿಷ್ ಬೆಡ್‌ಫೋರ್ಡ್ ಲಾರಿಗಳಿಗೆ ಕೆತ್ತನೆಯ ಮರದ ಬಾಗಿಲು, ಒಳಗೂ ಹೊರಗೂ ಬಣ್ಣದ ಚಿತ್ತಾರ ಮಾಡಿಸುತ್ತಾರೆ. ಅದೇ ಅವುಗಳ ಕೀರ್ತಿ. ಜಪಾನಿನಲ್ಲಿ 'ದೆಕೊತೊರಾ' ಎಂಬ ಝಗಮಗ ಲಾರಿಗಳಿವೆ. 1975ರಿಂದ 1979ರವರೆಗೆ ಬಂದ 'ಟೊರಾಕು ಯಾರೊ' ಎಂಬ ಸಿನಿಮಾ ಸರಣಿಯಿಂದ ಆ ಹುಚ್ಚು ಊರೂರಿಗೆ ಹಬ್ಬಿತು. ಕ್ಯಾಬಿನ್ನಿನೊಳಗೆ ತೂಗುದೀಪ ಕಟ್ಟುವವರೂ ಇದ್ದಾರೆ! ಆ ಅಲಂಕಾರ ಓಡಿಸುವವನ ಸ್ವಂತ ಅಭಿರುಚಿ, ಅವನ ಬದುಕಿನ ಭಾಗ. ದುಡಿಯುವ ಲಾರಿಯವನು ತನ್ನ ಕೋಣೆಯನ್ನು ತನಗೆ ಬೇಕಾದಂತೆ ಮಾಡಿಕೊಳ್ಳಲಿ. ಮೂವತ್ತು ವರ್ಷ ಶೆಡ್ಡಿನಲ್ಲಿ ಮಲಗಿದ್ದ ಲಾರಿಯ ಗಿಣಿಯ ಮೇಲೆ ಎಲ್‌ಇಡಿ ಪಟ್ಟಿಯ ಗೋಂದು ಮೆತ್ತುವುದಕ್ಕಷ್ಟೇ ನನ್ನ ತಕರಾರು.

ಕಾಗದದ ವಿಷಯವನ್ನೂ ಹೇಳಿಬಿಡುತ್ತೇನೆ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ಮೂಲ ವಿವರಕ್ಕೆ ಹೊಂದದ ಬದಲಾವಣೆಯನ್ನು ಮಾಲೀಕ ತನ್ನಿಷ್ಟಕ್ಕೆ ಮಾಡುವಂತಿಲ್ಲ. ಕುಷನ್ ಹೊಲಿಸುವುದಕ್ಕೆ ಯಾರೂ ಕೇಳುವುದಿಲ್ಲ. ಮಲಗುವ ಹಲಗೆ ತೆಗೆದು ಇನ್ನೂ ಮೂರು ಸೀಟು ಕೂರಿಸಿದರೆ ಆಸನಗಳ ಸಂಖ್ಯೆ ಬದಲಾಗುತ್ತದೆ, ಆಗ ಆರ್‌ಟಿಒ ಕಚೇರಿಯಲ್ಲಿ ಮೊದಲು ವಿಚಾರಿಸಬೇಕು. ಹಿಂದಿನ ಲೋಡು ಹಾಕುವ ಜಾಗದಲ್ಲಿ ನೆಂಟರನ್ನು ತುಂಬಿಕೊಂಡು ಹೋಗುವುದಂತೂ ಬೇಡವೇ ಬೇಡ. 2021ರಲ್ಲಿ 50 ವರ್ಷ ದಾಟಿದ ವಿಂಟೇಜ್ ವಾಹನಗಳಿಗೆ ಕೇಂದ್ರ ಸರ್ಕಾರ ಪ್ರತ್ಯೇಕ ನೋಂದಣಿ ನಿಯಮ ತಂದಿತು. ಅದು ಸ್ವಂತ ಬಳಕೆಯ ದ್ವಿಚಕ್ರ ವಾಹನ ಮತ್ತು ಕಾರುಗಳಿಗೆ. ಲಾರಿಯವರು ಅದನ್ನು ನಂಬಿಕೊಂಡು ಕೂರದೆ ತಮ್ಮ ಆರ್‌ಸಿ, ಎಫ್‌ಸಿ, ವಿಮೆ ಸರಿಮಾಡಿಕೊಳ್ಳುವುದು ಜಾಣತನ.

ಈಗ ಆ ಸೀಟಿನ ತೀರ್ಮಾನ. ಅದರ ಒಳಗೆ ತುಂಬಿದ್ದು ತೆಂಗಿನ ನಾರು. ಕೊಬ್ಬರಿ ಸೀಮೆಯ ಲಾರಿಗೆ ಅದಕ್ಕಿಂತ ತಕ್ಕದ್ದು ಬೇರೆ ಇಲ್ಲ. ಜರ್ಮನಿಯ ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಸೀಟಿಗೂ ತೆಂಗಿನ ನಾರು ತುಂಬುತ್ತಿದ್ದರು ಎಂದಾಗ ಮೊಮ್ಮಗಳು ನಂಬಲೇ ಇಲ್ಲ. ನಾರಿನ ಕುಷನ್ನಿನಲ್ಲಿ ಗಾಳಿ ಆಡುತ್ತದೆ, ಬೆವರು ನಿಲ್ಲುವುದಿಲ್ಲ. ಆದರೆ ಐವತ್ತು ವರ್ಷಕ್ಕೆ ಅದು ಹಪ್ಪಳದಂತಾಗಿತ್ತು. ಸೀಟಿನ ಕಬ್ಬಿಣದ ಚೌಕಟ್ಟನ್ನು ಹಾಗೇ ಇಟ್ಟುಕೊಂಡರು. ಅದರ ಮೇಲೆ ಕೂರುವಂತೆ, ರಬ್ಬರ್ ಹಾಕಿ ಗಟ್ಟಿಮಾಡಿದ ಹೊಸ ನಾರಿನ ಪದರ, ಮೇಲೆ ಮೆತ್ತಗಿನ ಫೋಮ್, ಸೊಂಟದ ಹತ್ತಿರ ಒಂದಿಷ್ಟು ಉಬ್ಬು. ರೆಕ್ಸಿನ್ ಹಳೆಯದರ ಕಂದು ಬಣ್ಣದ್ದೇ. ನಾಲ್ಕು ಬೋಲ್ಟ್ ಬಿಚ್ಚಿದರೆ ಎಲ್ಲ ಹೊರಬರುತ್ತದೆ. ಹಳೆಯ ಕುಷನ್ನನ್ನು ಬಿಸಿಲಿಗೆ ಒಣಗಿಸಿ, ಗೋಣಿಚೀಲದಲ್ಲಿ ಕಟ್ಟಿ, "ಡ್ರೈವರ್ ಸೀಟು, ಮೂಲದ್ದು" ಎಂದು ಚೀಟಿ ಬರೆದು ಅಟ್ಟಕ್ಕೆ ಹಾಕಿದರು. ಬಾಗಿಲ ಕೆಳಗೆ ನೀರು ನಿಂತು ಕೊಳೆತಿದ್ದ ಮರದ ಅರ್ಧ ಅಡಿಯನ್ನು ಮಾತ್ರ ಕತ್ತರಿಸಿ, ಅದೇ ಜಾತಿಯ ಮರ ಜೋಡಿಸಿದರು. ಆ ಕೆಲಸಕ್ಕೆ ಬಡಗಿಯನ್ನು ಹುಡುಕಲು ಎರಡು ತಿಂಗಳು ಹಿಡಿಯಿತು. ಈಗ ಕಾರ್ಖಾನೆಯಿಂದಲೇ ತಗಡಿನ ಪೂರಾ ಕ್ಯಾಬಿನ್ ಬರುತ್ತದೆ. ಲಾರಿಯ ಮರಗೆಲಸ ಬಲ್ಲವರು ಕಡಿಮೆಯಾಗಿದ್ದಾರೆ. ಬಂದವರು ಎಪ್ಪತ್ತು ದಾಟಿದ ಹಿರಿಯರು. ಕೀಲು ಕೂಡಿಸಿದ ರೀತಿ ನೋಡಿಯೇ, ಯಾವ ಊರಿನ ಶೆಡ್ಡಿನಲ್ಲಿ ಕಟ್ಟಿದ ಬಾಡಿ ಎಂದು ಹೇಳಿಬಿಟ್ಟರು. ಮೊಮ್ಮಗಳು ಅವರ ಕೈಯ ವಿಡಿಯೊ ಮಾಡಿಕೊಂಡಳು.

ಮಗನ ಸ್ಪೀಕರಿಗೂ ಜಾಗ ಸಿಕ್ಕಿತು, ಟೂಲ್ಸ್ ಪೆಟ್ಟಿಗೆಯ ಒಳಗೆ.

ಯಜಮಾನರ ಹೆವಿ ಲೈಸೆನ್ಸ್ ಮುಗಿದು ಬಹಳ ಕಾಲವಾಗಿತ್ತು, ರಸ್ತೆಗೆ ಇಳಿಯುವಂತಿರಲಿಲ್ಲ. ಆಯುಧಪೂಜೆಯ ದಿನ ಗೇಟು ಹಾಕಿ, ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಮ್ಮ ಕೊಬ್ಬರಿ ಗೋದಾಮಿನ ಅಂಗಳದಲ್ಲೇ ನಿಧಾನವಾಗಿ ಎರಡು ಸುತ್ತು ಹಾಕಿದರು. ನಿಂತ ಮೇಲೆ ಮಗ ಕೈ ಚಾಚಿ ಬೀಗದ ಕೈ ತಿರುಗಿಸಿದ. ಎಂಜಿನ್ ಗುಡುಗುಡು ಅನ್ನುತ್ತಲೇ ಇತ್ತು. ಅವನು ಇನ್ನೊಮ್ಮೆ ತಿರುಗಿಸಿದ. ಯಜಮಾನರು ಏನೂ ಹೇಳದೆ ಮೊಮ್ಮಗಳ ಕಡೆ ನೋಡಿದರು. ಅವಳು ಬಾಗಿಲಿನ ಮೆಟ್ಟಿಲು ಹತ್ತಿ, ಒಳಗೆ ಕೈ ಹಾಕಿ ಆ ಗುಂಡಿ ಎಳೆದಳು.